ಏರಿಯಾಗಳ ನಡುವೆ ಮಾರ್ಗ ಹಂಚಿಕೆ: ಲಿಂಕ್-ಸ್ಟೇಟ್ ಪಾಠದಲ್ಲಿ ನಾವು ಬಿಟ್ಟುಬಿಡುವ ಅರ್ಧ

ಕೋಟದ ಸಮೀಪದ ಒಂದು ಪದವಿಪೂರ್ವ ತರಗತಿಯಲ್ಲಿ ಅಭ್ಯಾಸ ಪಾಠ ವೀಕ್ಷಿಸುತ್ತ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಕಂಪ್ಯೂಟರ್ ವಿಜ್ಞಾನದ ನೆಟ್‌ವರ್ಕಿಂಗ್ ಘಟಕ. ಪ್ರಶಿಕ್ಷಣಾರ್ಥಿ ಹಲಗೆಯ ಮೇಲೆ ಐದು ರೂಟರ್‌ಗಳನ್ನು ಬರೆದು, ಅವುಗಳ ನಡುವಿನ ಪ್ರತಿ ಕೊಂಡಿಗೂ ಒಂದು ಅಂಕಿ ಕೊಟ್ಟು, ಅತಿ ಕಡಿಮೆ ವೆಚ್ಚದ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಕಂಡುಹಿಡಿದು ತೋರಿಸಿದರು. ಕೊನೆಗೆ, “ಲಿಂಕ್-ಸ್ಟೇಟ್ ವಿಧಾನದಲ್ಲಿ ಪ್ರತಿ ರೂಟರ್‌ಗೂ ಇಡೀ ಜಾಲದ ನಕ್ಷೆ ಗೊತ್ತಿರುತ್ತದೆ” ಎಂದು ಹೇಳಿ ಆ ವಾಕ್ಯವನ್ನು ಹಲಗೆಯ ಮೇಲೂ ಬರೆದರು. ನಾನು ವೀಕ್ಷಣಾ ಪುಸ್ತಕದಲ್ಲಿ “ವಿವರಣೆ ಸ್ಪಷ್ಟವಾಗಿದೆ” ಎಂದು ಷರಾ ಬರೆಯುತ್ತಿದ್ದಾಗ ಕಿಟಕಿ ಬದಿಯ ಹುಡುಗನೊಬ್ಬ ಎದ್ದು ನಿಂತ. “ಮೇಡಂ, ಹಂಗಾರೆ ಇಡೀ ಲೋಕದ್ ನಕ್ಷೆ ಒಂದೊಂದ್ ರೂಟರಗೂ ಇತ್ತಾ?”

ತರಗತಿ ನಕ್ಕಿತು. ಪ್ರಶಿಕ್ಷಣಾರ್ಥಿ ಒಂದು ಕ್ಷಣ ತಡೆದು, “ಹೌದು, ಎಲ್ಲದರಲ್ಲೂ ಇರುತ್ತದೆ” ಎಂದರು. ಹುಡುಗ ಕುಳಿತ. ಅವನಿಗೆ ಒಪ್ಪಿಗೆಯಾಗಲಿಲ್ಲ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

ಪಾಠದ ನಂತರದ ಚರ್ಚೆಯಲ್ಲಿ ಆ ಉತ್ತರ ಸರಿಯಲ್ಲ ಎಂದೆ. ಪ್ರಶಿಕ್ಷಣಾರ್ಥಿ ಮೆಲ್ಲಗೆ ಹೇಳಿದರು: “ಸರ್, ನೀವು ನಮಗೆ ಹಾಗೆಯೇ ಹೇಳಿಕೊಟ್ಟದ್ದು.” ಅದು ನಿಜವಾಗಿತ್ತು. ಹಲವು ವರ್ಷಗಳಿಂದ ನಾನು ಆ ವಾಕ್ಯವನ್ನು ಹಾಗೆಯೇ ಹೇಳಿಕೊಂಡು ಬಂದಿದ್ದೇನೆ. ವಾಕ್ಯ ಪೂರ್ಣ ತಪ್ಪಲ್ಲ, ಆದರೆ ಅದು ಅರ್ಧ. ಉಳಿದ ಅರ್ಧ ಗೊತ್ತಿಲ್ಲದಿದ್ದರೆ, ಹುಡುಗ ಕೇಳಿದಂಥ ಸಹಜ ಪ್ರಶ್ನೆಗೆ ಶಿಕ್ಷಕರು ತಪ್ಪು ಉತ್ತರ ಕೊಡುವುದು ಅನಿವಾರ್ಯವಾಗುತ್ತದೆ. ಆ ಉಳಿದ ಅರ್ಧವನ್ನು ಇಲ್ಲಿ ವಿವರಿಸಿ, ಅದನ್ನು ತರಗತಿಗೆ ಒಯ್ಯುವ ಒಂದು ದಾರಿಯನ್ನೂ ಸೂಚಿಸಿದ್ದೇನೆ.

ಮೊದಲ ಅರ್ಧ: ನಕ್ಷೆ ತಯಾರಾಗುವ ಬಗೆ

ರೂಟರ್‌ಗಳು ತಮ್ಮತಮ್ಮೊಳಗೆ ಮಾರ್ಗ ತಿಳಿದುಕೊಳ್ಳಲು ಎರಡು ಮುಖ್ಯ ವಿಧಾನಗಳಿವೆ. ಮೊದಲನೆಯದು ಡಿಸ್ಟೆನ್ಸ್-ವೆಕ್ಟರ್. ಇದರಲ್ಲಿ ಪ್ರತಿ ರೂಟರ್ ತನ್ನ ನೆರೆಯ ರೂಟರ್‌ಗೆ “ಇಂಥ ಜಾಲ ನನ್ನಿಂದ ಇಷ್ಟು ದೂರದಲ್ಲಿದೆ” ಎಂದಷ್ಟೇ ಹೇಳುತ್ತದೆ. ನೆರೆಯದು ಆ ಮಾತನ್ನು ನಂಬಿ, ತನ್ನ ದೂರವನ್ನು ಕೂಡಿಸಿ, ಮುಂದಿನದಕ್ಕೆ ದಾಟಿಸುತ್ತದೆ. 1988ರಲ್ಲಿ ಆರ್‌ಎಫ್‌ಸಿ 1058 ಆಗಿ ಪ್ರಕಟವಾದ ರಿಪ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದು 30 ಸೆಕೆಂಡಿಗೊಮ್ಮೆ ತನ್ನ ಪಟ್ಟಿಯನ್ನು ಸಾರುತ್ತದೆ. 15 ಹಾರುಗಳಿಗಿಂತ ದೂರದ ಜಾಲ ಅದರ ಪಾಲಿಗೆ ಇಲ್ಲವೇ ಇಲ್ಲ. 16 ಎಂದರೆ ಅನಂತ. ಈ ಮಿತಿ ಇಟ್ಟದ್ದಕ್ಕೆ ಕಾರಣವಿದೆ. ಒಂದು ಜಾಲ ಕಡಿದುಹೋದಾಗ ಎರಡು ರೂಟರ್‌ಗಳು ಒಂದರ ಹಳೆಯ ಮಾತನ್ನು ಇನ್ನೊಂದು ನಂಬಿ, “ನಿನ್ನ ಮೂಲಕ ಹೋಗಬಹುದು” “ನಿನ್ನ ಮೂಲಕ ಹೋಗಬಹುದು” ಎನ್ನುತ್ತ ದೂರವನ್ನು ಒಂದೊಂದೇ ಏರಿಸುತ್ತ ಹೋಗುತ್ತವೆ. ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು.

ಎರಡನೆಯದು ಲಿಂಕ್-ಸ್ಟೇಟ್. ಇಂಟರ್ನೆಟ್ಟಿನ ಪೂರ್ವಜನಾದ ಅರ್ಪಾನೆಟ್ 1979ರಲ್ಲಿ ಈ ವಿಧಾನಕ್ಕೆ ಬದಲಾಯಿತು. ಇದರಲ್ಲಿ ರೂಟರ್ ದೂರದ ಜಾಲಗಳ ಬಗ್ಗೆ ಏನೂ ಹೇಳುವುದಿಲ್ಲ. ತನಗೆ ನೇರವಾಗಿ ತಾಗಿರುವ ಕೊಂಡಿಗಳು ಯಾವುವು, ಪ್ರತಿಯೊಂದರ ವೆಚ್ಚ ಎಷ್ಟು ಎಂಬುದನ್ನು ಮಾತ್ರ ಒಂದು ಪ್ರಕಟಣೆಯಲ್ಲಿ ಬರೆದು ಹಂಚುತ್ತದೆ. ಈ ಪ್ರಕಟಣೆಗೆ ಎಲ್‌ಎಸ್‌ಎ ಎಂದು ಹೆಸರು. ಸಿಕ್ಕಿದವರೆಲ್ಲ ಅದನ್ನು ಒಂದಕ್ಷರವೂ ಬದಲಿಸದೆ ಮುಂದಿನವರಿಗೆ ಕಳಿಸುತ್ತಾರೆ. ಎಲ್ಲರ ಪ್ರಕಟಣೆಗಳೂ ಎಲ್ಲರ ಕೈಸೇರಿದಾಗ ಎಲ್ಲರಲ್ಲೂ ಒಂದೇ ನಕ್ಷೆ ಇರುತ್ತದೆ. ಆಮೇಲೆ ಪ್ರತಿ ರೂಟರ್ ತನ್ನನ್ನು ನಡುವೆ ಇಟ್ಟುಕೊಂಡು ಡೈಕ್‌ಸ್ಟ್ರ ಅವರ ಕ್ರಮದಿಂದ ಕನಿಷ್ಠ ವೆಚ್ಚದ ದಾರಿಗಳನ್ನು ಲೆಕ್ಕ ಹಾಕುತ್ತದೆ. ಈ ಕ್ರಮವನ್ನು ಎಡ್ಸ್ಗರ್ ಡೈಕ್‌ಸ್ಟ್ರ 1956ರಲ್ಲಿ ಆಮ್ಸ್ಟರ್‌ಡ್ಯಾಮಿನ ಒಂದು ಕಾಫಿ ಅಂಗಡಿಯಲ್ಲಿ ಕುಳಿತು, ಕಾಗದ ಪೆನ್ನಿಲ್ಲದೆ, ಸುಮಾರು 20 ನಿಮಿಷದಲ್ಲಿ ಯೋಚಿಸಿದರು, 1959ರಲ್ಲಿ ಪ್ರಕಟಿಸಿದರು. ಪೀಠಿಕೆಯಾಗಿ ಈ ಸಂಗತಿಯನ್ನು ಹೇಳಿದರೆ ಮಕ್ಕಳು ಕಿವಿಗೊಡುತ್ತಾರೆ.

ಇಂದು ಹೆಚ್ಚು ಬಳಕೆಯಲ್ಲಿರುವ ಲಿಂಕ್-ಸ್ಟೇಟ್ ಪ್ರೋಟೋಕಾಲ್ ಓಎಸ್‌ಪಿಎಫ್. ಜಾನ್ ಮೋಯ್ ಬರೆದ ಅದರ ಎರಡನೇ ಆವೃತ್ತಿಯ ಪ್ರಮಾಣ ಪಾಠ 1998ರ ಆರ್‌ಎಫ್‌ಸಿ 2328.

ಇಲ್ಲಿಗೆ ನಮ್ಮ ಪಾಠಯೋಜನೆಗಳು ಸಾಮಾನ್ಯವಾಗಿ ಮುಗಿಯುತ್ತವೆ. ಹುಡುಗನ ಪ್ರಶ್ನೆ ಶುರುವಾಗುವುದು ಇಲ್ಲಿಂದಲೇ.

ಏರಿಯಾ ಏಕೆ ಬೇಕಾಯಿತು?

ಎಲ್ಲರಲ್ಲೂ ಪೂರ್ಣ ನಕ್ಷೆ ಇರಬೇಕೆಂದರೆ ಮೂರು ಬೆಲೆ ತೆರಬೇಕು. ನಕ್ಷೆಯನ್ನು ಇಡಲು ಸ್ಮೃತಿ ಬೇಕು. ಅದರ ಮೇಲೆ ಲೆಕ್ಕ ಹಾಕಲು ಸಮಯ ಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಎಲ್ಲೋ ಒಂದು ಮೂಲೆಯ ಕೊಂಡಿ ಕಡಿದರೂ ಆ ಸುದ್ದಿ ಪ್ರತಿಯೊಂದು ರೂಟರ್‌ಗೂ ಹೋಗಬೇಕು, ಪ್ರತಿಯೊಂದೂ ಹೊಸದಾಗಿ ಲೆಕ್ಕ ಹಾಕಬೇಕು. ಮಳೆಗಾಲದಲ್ಲಿ ಒಂದು ತಂತಿ ನಿಮಿಷಕ್ಕೊಮ್ಮೆ ಹೋಗಿ ಬರುತ್ತಿದ್ದರೆ ಇಡೀ ಜಾಲ ನಿಮಿಷಕ್ಕೊಮ್ಮೆ ಬೆಚ್ಚಿಬೀಳುತ್ತದೆ. ಇಂದಿನ ರೂಟರ್‌ಗಳಿಗೆ ಸ್ಮೃತಿಯೂ ಲೆಕ್ಕವೂ ಅಷ್ಟು ಭಾರವಲ್ಲ. ಆದರೆ ಒಂದು ಕಡೆಯ ಅಸ್ಥಿರತೆ ಎಲ್ಲ ಕಡೆಗೂ ಹರಡಬಾರದು ಎಂಬ ಕಾರಣ ಇಂದಿಗೂ ಉಳಿದಿದೆ.

ಹಾಗಾಗಿ ಜಾಲವನ್ನು ಏರಿಯಾಗಳಾಗಿ ಭಾಗ ಮಾಡುತ್ತಾರೆ. ಪೂರ್ಣ ನಕ್ಷೆ ಇರುವುದು ಏರಿಯಾದ ಒಳಗೆ ಮಾತ್ರ. ಪ್ರಕಟಣೆಗಳು ಏರಿಯಾದ ಗಡಿಯಲ್ಲಿ ನಿಲ್ಲುತ್ತವೆ. ಏರಿಯಾ 0 ಎಂಬುದಕ್ಕೆ ಬ್ಯಾಕ್‌ಬೋನ್, ಅಂದರೆ ಬೆನ್ನೆಲುಬು ಎಂದು ಹೆಸರು. ಉಳಿದ ಎಲ್ಲ ಏರಿಯಾಗಳೂ ಅದಕ್ಕೆ ತಾಗಿರಬೇಕು. ಎರಡು ಅಥವಾ ಹೆಚ್ಚು ಏರಿಯಾಗಳಲ್ಲಿ ಕಾಲಿಟ್ಟಿರುವ ರೂಟರ್ ಗಡಿ ರೂಟರ್. ಅದರಲ್ಲಿ ಪ್ರತಿ ಏರಿಯಾಕ್ಕೂ ಬೇರೆ ಬೇರೆ ನಕ್ಷೆ ಇರುತ್ತದೆ, ಪ್ರತಿಯೊಂದರ ಮೇಲೂ ಬೇರೆಯಾಗಿ ಲೆಕ್ಕ ನಡೆಯುತ್ತದೆ.

ಗಡಿಯಲ್ಲಿ ಏನಾಗುತ್ತದೆ? ಒಂದು ಲೆಕ್ಕ

ಪಾಠಕ್ಕಾಗಿ ನಮ್ಮ ಊರುಗಳ ಹೆಸರಿನಲ್ಲಿ ಒಂದು ಜಾಲವನ್ನು ಕಲ್ಪಿಸಿಕೊಳ್ಳೋಣ. ವೆಚ್ಚದ ಅಂಕಿಗಳು ಕಿಲೋಮೀಟರುಗಳಲ್ಲ. ಅವು ಕೊಂಡಿಯ ವೆಚ್ಚವಾಗಿ ನಾವು ಕೊಟ್ಟ ಸಂಖ್ಯೆಗಳು.

ಏರಿಯಾ 0: ಕೋಟ–ಕುಂದಾಪುರ 10, ಕುಂದಾಪುರ–ಬೈಂದೂರು 20. ಈ ಮೂರೂ ಗಡಿ ರೂಟರ್‌ಗಳು.
ಏರಿಯಾ 1: ಕೋಟ–ಗಿಳಿಯಾರು 5, ಗಿಳಿಯಾರು–ಪಡುಕೆರೆ 2, ಕೋಟ–ಪಡುಕೆರೆ 8, ಕೋಟ–ಮಣೂರು 11.
ಏರಿಯಾ 2: ಕುಂದಾಪುರ–ಕೋಟೇಶ್ವರ 4.
ಏರಿಯಾ 3: ಬೈಂದೂರು–ಶಿರೂರು 6.

ಏರಿಯಾ 1ರ ಪ್ರತಿ ಊರಿನಲ್ಲೂ ಒಂದು ಶಾಲೆಯ ಜಾಲವಿದೆ: ಕೋಟ 10.1.1.0/24, ಗಿಳಿಯಾರು 10.1.2.0/24, ಪಡುಕೆರೆ 10.1.3.0/24, ಮಣೂರು 10.1.4.0/24. ರೂಟರ್‌ನಿಂದ ಶಾಲೆಯ ಜಾಲಕ್ಕೆ ಇಳಿಯುವ ವೆಚ್ಚ ಎಲ್ಲ ಕಡೆಯೂ 1.

ಪಡುಕೆರೆ ಶಾಲೆಯ ಜಾಲದ ಸುದ್ದಿ ಶಿರೂರಿಗೆ ಹೇಗೆ ಮುಟ್ಟುತ್ತದೆ ನೋಡೋಣ.

ಮೊದಲ ಹೆಜ್ಜೆ. ಕೋಟದ ಗಡಿ ರೂಟರ್‌ನಲ್ಲಿ ಏರಿಯಾ 1ರ ಪೂರ್ಣ ನಕ್ಷೆ ಇದೆ. ಪಡುಕೆರೆಗೆ ನೇರ ದಾರಿಯ ವೆಚ್ಚ 8 + 1 = 9. ಗಿಳಿಯಾರು ಮೂಲಕ 5 + 2 + 1 = 8. ಅದು ಎರಡನೆಯದನ್ನು ಆರಿಸುತ್ತದೆ.

ಎರಡನೇ ಹೆಜ್ಜೆ. ಕೋಟ ಈ ನಕ್ಷೆಯನ್ನು ಏರಿಯಾ 0ಕ್ಕೆ ಕಳಿಸುವುದಿಲ್ಲ. ತನ್ನ ಹೆಸರಿನಲ್ಲಿ ಒಂದು ಹೊಸ ಚೀಟಿ ಬರೆಯುತ್ತದೆ: “10.1.3.0/24, ನನ್ನಿಂದ ವೆಚ್ಚ 8.” ಇದೇ ಮೂರನೇ ಬಗೆಯ ಎಲ್‌ಎಸ್‌ಎ. ಗಿಳಿಯಾರಿನ ಹೆಸರು ಅದರಲ್ಲಿಲ್ಲ. ದಾರಿ ಯಾವುದೆಂದೂ ಇಲ್ಲ.

ಮೂರನೇ ಹೆಜ್ಜೆ. ಬೈಂದೂರಿನ ಗಡಿ ರೂಟರ್ ಏರಿಯಾ 0ರ ನಕ್ಷೆಯಲ್ಲಿ ಕೋಟಕ್ಕೆ ತನ್ನ ವೆಚ್ಚ 20 + 10 = 30 ಎಂದು ಕಂಡುಕೊಂಡಿದೆ. ಚೀಟಿಯಲ್ಲಿರುವ 8ನ್ನು ಕೂಡಿಸಿದರೆ 38. ಈಗ ಅದು ಏರಿಯಾ 3ರೊಳಕ್ಕೆ, ಮತ್ತೆ ತನ್ನದೇ ಹೆಸರಿನಲ್ಲಿ, “10.1.3.0/24, ನನ್ನಿಂದ ವೆಚ್ಚ 38” ಎಂದು ಇನ್ನೊಂದು ಚೀಟಿ ಬರೆಯುತ್ತದೆ.

ನಾಲ್ಕನೇ ಹೆಜ್ಜೆ. ಶಿರೂರು ತನ್ನಿಂದ ಬೈಂದೂರಿಗಿರುವ 6ನ್ನು ಕೂಡಿಸಿ 44 ಎಂದು ಬರೆದುಕೊಳ್ಳುತ್ತದೆ.

ಶಿರೂರಿಗೆ ಪಡುಕೆರೆಯ ಜಾಲ ಗೊತ್ತು. ಅಲ್ಲಿಗೆ ಒಟ್ಟು ವೆಚ್ಚ ಗೊತ್ತು. ಬೈಂದೂರಿನ ಕಡೆ ತಿರುಗಬೇಕೆಂದು ಗೊತ್ತು. ಆದರೆ ಗಿಳಿಯಾರು ಎಂಬ ರೂಟರ್ ಇದೆಯೆಂಬುದೇ ಅದಕ್ಕೆ ಗೊತ್ತಿಲ್ಲ. ಹುಡುಗನ ಪ್ರಶ್ನೆಗೆ ಉತ್ತರ ಇದು.

ಇನ್ನು ಗಿಳಿಯಾರು–ಪಡುಕೆರೆ ಕೊಂಡಿಯನ್ನು ಕಡಿದು ನೋಡಿ. ಏರಿಯಾ 1ರ ನಾಲ್ಕೂ ರೂಟರ್‌ಗಳು ಹೊಸ ಪ್ರಕಟಣೆ ಪಡೆದು ನಕ್ಷೆ ತಿದ್ದಿ ಮೊದಲಿನಿಂದ ಲೆಕ್ಕ ಹಾಕುತ್ತವೆ. ಕೋಟದ ವೆಚ್ಚ 8 ಇದ್ದದ್ದು 9 ಆಗುತ್ತದೆ. ಹೊರಗೆ ಹೋಗುವುದು ಆ ಒಂದು ಅಂಕಿಯ ಬದಲಾವಣೆ ಮಾತ್ರ. ಬೈಂದೂರಿನಲ್ಲಿ 39, ಶಿರೂರಿನಲ್ಲಿ 45. ಅಲ್ಲಿ ಯಾರೂ ನಕ್ಷೆಯನ್ನು ಮತ್ತೆ ಲೆಕ್ಕ ಹಾಕಬೇಕಾಗಿಲ್ಲ. ಒಂದು ಸಾಲನ್ನು ತಿದ್ದಿದರೆ ಸಾಕು.

ಹಾಗಾದರೆ ಇದು ಹಳೆಯ ವಿಧಾನವೇ ಆಯಿತಲ್ಲ?

ಜಾಣ ವಿದ್ಯಾರ್ಥಿ ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ಗಡಿ ರೂಟರ್ ಹೇಳಿದ ದೂರವನ್ನು ನಂಬಿ, ತನ್ನದನ್ನು ಕೂಡಿಸಿ, ಮುಂದಕ್ಕೆ ದಾಟಿಸುವುದು ಡಿಸ್ಟೆನ್ಸ್-ವೆಕ್ಟರ್ ಅಲ್ಲವೇ? ಹೌದು, ಅದೇ. ಓಎಸ್‌ಪಿಎಫ್ ಏರಿಯಾದ ಒಳಗೆ ಲಿಂಕ್-ಸ್ಟೇಟ್, ಏರಿಯಾಗಳ ನಡುವೆ ಡಿಸ್ಟೆನ್ಸ್-ವೆಕ್ಟರ್. ಈ ಒಂದು ವಾಕ್ಯ ಪ್ರಶಿಕ್ಷಣಾರ್ಥಿಯ ಟಿಪ್ಪಣಿಯಲ್ಲಿ ಇರಲೇಬೇಕು.

ಹಾಗಾದರೆ ರಿಪ್‌ನಲ್ಲಿ ಕಂಡ ಸುತ್ತಾಟದ ರೋಗ ಇಲ್ಲಿಯೂ ತಗುಲಬೇಕಲ್ಲ? ತಗುಲದಂತೆ ಮೂರು ನಿಯಮಗಳು ಕಾಯುತ್ತವೆ.

ಒಂದು: ಏರಿಯಾದೊಳಗಿನ ದಾರಿ ಇದ್ದರೆ ಅದಕ್ಕೇ ಆದ್ಯತೆ. ಬೇರೆ ಏರಿಯಾದ ಮೂಲಕ ಹೋಗುವ ದಾರಿ ಎಷ್ಟೇ ಅಗ್ಗವಾಗಿ ಕಂಡರೂ ಅದನ್ನು ಆರಿಸುವಂತಿಲ್ಲ.

ಎರಡು: ಗಡಿ ರೂಟರ್ ಏರಿಯಾ 0ಕ್ಕೆ ಸಾರುವುದು ತಾನು ಸೇರಿರುವ ಏರಿಯಾದ ಒಳಗಿನ ಜಾಲಗಳನ್ನು ಮಾತ್ರ. ಬೇರೆಯವರ ಚೀಟಿಯಿಂದ ತಿಳಿದದ್ದನ್ನು ಏರಿಯಾ 0ಕ್ಕೆ ಮರಳಿ ಸಾರುವುದಿಲ್ಲ.

ಮೂರು: ಗಡಿ ರೂಟರ್ ಬೇರೆ ಏರಿಯಾಗಳ ದಾರಿಯನ್ನು ಲೆಕ್ಕ ಹಾಕುವಾಗ ಏರಿಯಾ 0ರಲ್ಲಿ ಕೇಳಿದ ಚೀಟಿಗಳನ್ನು ಮಾತ್ರ ನೋಡುತ್ತದೆ. ಉಳಿದ ಏರಿಯಾಗಳಲ್ಲಿ ಅದೇ ಜಾಲದ ಬಗ್ಗೆ ಕೇಳಿಸಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಎರಡನೇ ನಿಯಮ ಇಲ್ಲದಿದ್ದರೆ ಏನಾಗುತ್ತಿತ್ತು? ಏರಿಯಾ 2ಕ್ಕೆ ಕುಂದಾಪುರದ ಜೊತೆಗೆ ಹೆಮ್ಮಾಡಿಯಲ್ಲಿ ಇನ್ನೊಂದು ಗಡಿ ರೂಟರ್ ಇದೆ ಎನ್ನಿ. ಕುಂದಾಪುರ ಏರಿಯಾ 2ರೊಳಗೆ “ಪಡುಕೆರೆ, ವೆಚ್ಚ 18” ಎಂದು ಸಾರುತ್ತದೆ. ಅದನ್ನು ಒಳಗಿನಿಂದ ಕೇಳಿಸಿಕೊಂಡ ಹೆಮ್ಮಾಡಿ, ಏರಿಯಾ 0ಕ್ಕೆ ಬಂದು “ಪಡುಕೆರೆಗೆ ನನ್ನ ಮೂಲಕವೂ ಹೋಗಬಹುದು” ಎಂದು ಸಾರಿದರೆ? ಪಡುಕೆರೆ ಪೂರ್ತಿ ಕಡಿದುಹೋದ ದಿನ ಕುಂದಾಪುರ ಹೆಮ್ಮಾಡಿಯ ಮಾತನ್ನು ನಂಬುತ್ತದೆ, ಹೆಮ್ಮಾಡಿ ಕುಂದಾಪುರದ ಮಾತನ್ನು. ತನ್ನದೇ ಮಾತು ತನ್ನ ಕಿವಿಗೆ ಬೇರೆಯವರ ಬಾಯಿಂದ ಬಂದು ಬಿದ್ದಾಗ ಅದನ್ನು ಹೊಸ ಸುದ್ದಿಯೆಂದು ತಿಳಿಯುವ ಅಪಾಯ ಇದು. ನಿಯಮಗಳಿಂದಾಗಿ ಸುದ್ದಿ ಏರಿಯಾ 1ರಿಂದ 0ಕ್ಕೆ, 0ಯಿಂದ 2 ಮತ್ತು 3ಕ್ಕೆ ಮಾತ್ರ ಹರಿಯುತ್ತದೆ. ಏರಿಯಾಗಳ ಜೋಡಣೆ ನಡುವಿನಿಂದ ಹೊರಟ ಕಡ್ಡಿಗಳ ಹಾಗಿರುತ್ತದೆ. ಕಡ್ಡಿಯ ತುದಿಯಿಂದ ತುದಿಗೆ ನೇರ ದಾರಿ ಇಲ್ಲದ ಕಡೆ ಸುತ್ತು ಹುಟ್ಟುವುದಿಲ್ಲ.

ಬೆನ್ನೆಲುಬು ಏಕೆ ಒಡೆಯಬಾರದು?

ಈ ನಿಯಮಗಳಿಗೂ ಒಂದು ಬೆಲೆಯಿದೆ. ಕುಂದಾಪುರದಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟವರು ನದಿ ದಾಟಲೇಬೇಕು. ಹಾಗೆಯೇ ನಮ್ಮ ಜಾಲದಲ್ಲಿ ಕುಂದಾಪುರ–ಬೈಂದೂರು ಕೊಂಡಿ ಏರಿಯಾ 0ರ ಏಕೈಕ ಸೇತುವೆ. ಅದು ಕಡಿದುಹೋಯಿತು ಎನ್ನೋಣ. ಆದರೆ ಕೊಲ್ಲೂರಿನ ಕಡೆಯಿಂದ ಸುತ್ತಿ ಬರುವ ಇನ್ನೊಂದು ತಂತಿ ಏರಿಯಾ 2ಕ್ಕೆ ಸೇರಿದ್ದು ಕುಂದಾಪುರವನ್ನೂ ಬೈಂದೂರನ್ನೂ ಮುಟ್ಟುತ್ತದೆ. ಮಕ್ಕಳನ್ನು ಕೇಳಿ: ಕೋಟದಿಂದ ಶಿರೂರಿಗೆ ಈಗ ಸಂದೇಶ ಹೋಗುತ್ತದೆಯೇ?

ಹೆಚ್ಚಿನವರು ಹೌದು ಎನ್ನುತ್ತಾರೆ. ತಂತಿ ಇದೆಯಲ್ಲ! ಆದರೆ ಶಿರೂರಿನ ಬಗ್ಗೆ ಏರಿಯಾ 2ರಲ್ಲಿ ಬೈಂದೂರು ಬರೆದ ಚೀಟಿಯನ್ನು ಕುಂದಾಪುರದ ಗಡಿ ರೂಟರ್ ಮೂರನೇ ನಿಯಮದಂತೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೋಟಕ್ಕೆ ಶಿರೂರು ಕಾಣೆಯಾಗುತ್ತದೆ. ತಂತಿ ಇದ್ದೂ ದಾರಿ ಇಲ್ಲ. ಪರಿಹಾರವೆಂದರೆ ಏರಿಯಾ 2ರ ಮೂಲಕ ಕುಂದಾಪುರ ಮತ್ತು ಬೈಂದೂರಿನ ನಡುವೆ ವರ್ಚುವಲ್ ಲಿಂಕ್ ಎಂಬ ಕಾಲ್ಪನಿಕ ಕೊಂಡಿಯನ್ನು ಮೊದಲೇ ಹೊಂದಿಸಿಡುವುದು. ಅದು ಹಾದುಹೋಗುವುದು ಏರಿಯಾ 2ರಲ್ಲಾದರೂ ಲೆಕ್ಕದಲ್ಲಿ ಏರಿಯಾ 0ಕ್ಕೆ ಸೇರಿದ್ದು. ಭೌತಿಕ ಸಂಪರ್ಕ ಬೇರೆ, ನಿಯಮ ಒಪ್ಪಿದ ಮಾರ್ಗ ಬೇರೆ ಎಂಬುದನ್ನು ಮನಗಾಣಿಸಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಸಿಕ್ಕಿಲ್ಲ.

ಸಾರಾಂಶ ಎಂಬ ಹೆಸರಿನ ಗೊಂದಲ

ಮೂರನೇ ಬಗೆಯ ಎಲ್‌ಎಸ್‌ಎಗೆ ಆರ್‌ಎಫ್‌ಸಿ 2328ರಲ್ಲಿ “ಸಮ್ಮರಿ” ಎಂಬ ಹೆಸರಿದೆ. ಈ ಹೆಸರನ್ನು ನೋಡಿ ಗಡಿ ರೂಟರ್ ತಾನಾಗಿಯೇ ಹಲವು ಜಾಲಗಳನ್ನು ಒಟ್ಟುಗೂಡಿಸುತ್ತದೆ ಎಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ನಾಲ್ಕು ಶಾಲೆಗಳಿದ್ದರೆ ನಾಲ್ಕು ಚೀಟಿ ಹೋಗುತ್ತವೆ. ಸಂಕ್ಷೇಪವಾಗುವುದು ನಕ್ಷೆ, ವಿಳಾಸಗಳಲ್ಲ. ಐಪಿ ಆವೃತ್ತಿ 6ಕ್ಕಾಗಿ ರೂಪಿಸಿದ ಓಎಸ್‌ಪಿಎಫ್ ಮೂರನೇ ಆವೃತ್ತಿಯಲ್ಲಿ ಈ ಹೆಸರನ್ನೇ ಕೈಬಿಟ್ಟು ಏರಿಯಾಗಳ ನಡುವಿನ ವಿಳಾಸ ಎಂಬರ್ಥದ ಹೆಸರಿಟ್ಟಿದ್ದಾರೆ.

ವಿಳಾಸಗಳನ್ನೂ ಒಟ್ಟುಗೂಡಿಸಬೇಕಾದರೆ ಜಾಲದ ನಿರ್ವಾಹಕರು ಕೋಟದ ಗಡಿ ರೂಟರ್‌ಗೆ ಹೇಳಿಡಬೇಕು: “10.1.0.0/16 ಎಂದು ಒಂದೇ ಚೀಟಿ ಕಳಿಸು.” ಅದರ ವೆಚ್ಚ ಎಷ್ಟು? ಕೋಟದಿಂದ ನಾಲ್ಕು ಶಾಲೆಗಳಿಗೆ ವೆಚ್ಚ ಕ್ರಮವಾಗಿ 1, 6, 8, 12. ಆರ್‌ಎಫ್‌ಸಿ 2328ರ ಪ್ರಕಾರ ಇವುಗಳಲ್ಲಿ ದೊಡ್ಡದು, ಅಂದರೆ 12. ಅದಕ್ಕೂ ಮೊದಲಿದ್ದ 1994ರ ಆರ್‌ಎಫ್‌ಸಿ 1583ರಲ್ಲಿ ಚಿಕ್ಕದನ್ನು ತೆಗೆದುಕೊಳ್ಳುತ್ತಿದ್ದರು. ದೊಡ್ಡದನ್ನು ತೆಗೆದುಕೊಂಡಾಗ ಗಿಳಿಯಾರು–ಪಡುಕೆರೆ ಕೊಂಡಿ ಕಡಿದರೂ ಹೊರಗಿನ ಅಂಕಿ 12 ಆಗಿಯೇ ಇರುತ್ತದೆ. ಏರಿಯಾ 1ರ ಗಲಾಟೆ ಹೊರಗೆ ಕೇಳಿಸುವುದೇ ಇಲ್ಲ.

ಆದರೆ ನಿಶ್ಶಬ್ದಕ್ಕೂ ಬೆಲೆಯಿದೆ. ಪಡುಕೆರೆ ಪೂರ್ತಿ ಕಡಿದರೂ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಅವರು ಕೋಟದವರೆಗೆ ಸಂದೇಶ ಕಳಿಸುತ್ತಲೇ ಇರುತ್ತಾರೆ. ಕೋಟ ಅದನ್ನು ಅಲ್ಲಿಯೇ ಬಿಸಾಡಬೇಕು. ಅದಕ್ಕಾಗಿ ಗಡಿ ರೂಟರ್ ತನ್ನ ಪಟ್ಟಿಯಲ್ಲಿ 10.1.0.0/16ಕ್ಕೆ “ಬಿಸಾಡು” ಎಂಬ ಸಾಲನ್ನು ಇಟ್ಟುಕೊಳ್ಳುತ್ತದೆ. ಅದಿಲ್ಲದೆ ಕೋಟದಲ್ಲಿ “ಗೊತ್ತಿಲ್ಲದ್ದನ್ನೆಲ್ಲ ಕುಂದಾಪುರಕ್ಕೆ ಕಳಿಸು” ಎಂಬ ಸಾಲು ಮಾತ್ರ ಇದ್ದರೆ, ಕುಂದಾಪುರ ಅದನ್ನು ಕೋಟಕ್ಕೆ, ಕೋಟ ಕುಂದಾಪುರಕ್ಕೆ ಎಂದು ಚೆಂಡಾಟವಾಗುತ್ತದೆ. ಇನ್ನೊಂದು ಬೆಲೆ: ಏರಿಯಾ 1ಕ್ಕೆ ಸಾಲಿಗ್ರಾಮದಲ್ಲಿ ಎರಡನೇ ಬಾಗಿಲಿದ್ದು, ಎರಡೂ ಬಾಗಿಲುಗಳು ಒಟ್ಟುಗೂಡಿಸಿದ ಚೀಟಿಯನ್ನೇ ಕೊಟ್ಟರೆ, ಯಾವ ಶಾಲೆಗೆ ಯಾವ ಬಾಗಿಲು ಹತ್ತಿರ ಎಂದು ಹೊರಗಿನವರಿಗೆ ತಿಳಿಯದು. ಸಂದೇಶ ಸುತ್ತುದಾರಿ ಹಿಡಿಯಬಹುದು.

ಶಿರೂರಿನಂತೆ ಒಂದೇ ಬಾಗಿಲಿರುವ ತುದಿಯ ಏರಿಯಾವನ್ನು ಸ್ಟಬ್ ಏರಿಯಾ ಎಂದು ಘೋಷಿಸಬಹುದು. ಬೇರೆ ಪ್ರೋಟೋಕಾಲ್‌ಗಳಿಂದ ಓಎಸ್‌ಪಿಎಫ್‌ಗೆ ತಂದುಹಾಕಿದ ಹೊರ ಮಾರ್ಗಗಳು ಅಂಥ ಏರಿಯಾದೊಳಗೆ ಬರುವುದಿಲ್ಲ. ಅವುಗಳ ಬದಲು ಗಡಿ ರೂಟರ್ “ಉಳಿದದ್ದೆಲ್ಲ ನನ್ನ ಕಡೆ” ಎಂಬ ಒಂದೇ ಸಾಲನ್ನು ಕೊಡುತ್ತದೆ.

ಅದೇ ಪ್ರಶ್ನೆಗೆ ಇನ್ನೊಂದು ಉತ್ತರ

ಓಎಸ್‌ಪಿಎಫ್‌ನ ಸಮಕಾಲೀನ ಐಎಸ್-ಐಎಸ್. ಅದೂ ಲಿಂಕ್-ಸ್ಟೇಟ್ ಪ್ರೋಟೋಕಾಲೇ. 1990ರ ಆರ್‌ಎಫ್‌ಸಿ 1195 ಅದನ್ನು ಐಪಿಗೆ ಹೊಂದಿಸಿತು. ಅದರಲ್ಲಿ ಗಡಿ ಬೀಳುವುದು ರೂಟರ್‌ನ ಮೇಲಲ್ಲ, ಎರಡು ರೂಟರ್‌ಗಳ ನಡುವಿನ ಕೊಂಡಿಯ ಮೇಲೆ. ಏರಿಯಾದ ಒಳಗಿನದು ಮೊದಲ ಮಟ್ಟ, ಏರಿಯಾಗಳ ನಡುವಿನದು ಎರಡನೇ ಮಟ್ಟ. ಮೊದಲ ಮಟ್ಟದ ರೂಟರ್‌ಗೆ ಹೊರಗಿನ ಜಾಲಗಳ ಪಟ್ಟಿಯನ್ನೇ ಕೊಡುವುದಿಲ್ಲ. ಎರಡೂ ಮಟ್ಟದಲ್ಲಿರುವ ರೂಟರ್ ತನ್ನ ಪ್ರಕಟಣೆಯಲ್ಲಿ “ನನಗೆ ಹೊರಗಿನ ಸಂಪರ್ಕವಿದೆ” ಎಂಬ ಒಂದು ಬಿಟ್ ಎತ್ತಿ ತೋರಿಸುತ್ತದೆ. ಒಳಗಿನವರು ತಮಗೆ ಹತ್ತಿರದ ಅಂಥ ರೂಟರ್‌ಗೆ ಎಲ್ಲವನ್ನೂ ಕಳಿಸುತ್ತಾರೆ. ಅಂದರೆ ಸ್ಟಬ್ ಏರಿಯಾದ ಸ್ವಭಾವ ಇಲ್ಲಿ ಮೂಲದಲ್ಲೇ ಇದೆ.

ಹತ್ತಿರದ ಬಾಗಿಲೇ ಒಳ್ಳೆಯ ಬಾಗಿಲಾಗಿರಬೇಕೆಂದಿಲ್ಲ ಎಂಬ ತೊಂದರೆ ಮುಂದೆ ಕಂಡುಬಂತು. 2000ದ ಆರ್‌ಎಫ್‌ಸಿ 2966 ಎರಡನೇ ಮಟ್ಟದ ಮಾರ್ಗಗಳನ್ನು ಮೊದಲ ಮಟ್ಟಕ್ಕೆ ಇಳಿಸಲು ಅವಕಾಶ ಕೊಟ್ಟಿತು. ಕೂಡಲೇ ಹಳೆಯ ಅಪಾಯ ಎದುರಾಯಿತು: ಕೆಳಗಿಳಿದ ಸುದ್ದಿ ಇನ್ನೊಂದು ಬಾಗಿಲಿನಿಂದ ಮತ್ತೆ ಮೇಲೇರಿದರೆ? ಅದಕ್ಕಾಗಿ ಪ್ರತಿ ಮಾರ್ಗದ ಮೇಲೂ “ಇದು ಮೇಲಿನಿಂದ ಇಳಿದದ್ದು” ಎಂಬ ಗುರುತಿನ ಬಿಟ್ ಇಟ್ಟರು. ಗುರುತಿದ್ದದ್ದು ಮತ್ತೆ ಮೇಲೇರುವಂತಿಲ್ಲ. ಓಎಸ್‌ಪಿಎಫ್‌ನ ಎರಡನೇ ನಿಯಮ ಮಾಡುವ ಕೆಲಸವನ್ನೇ ಈ ಒಂದು ಬಿಟ್ ಮಾಡುತ್ತದೆ. ಎರಡು ತಂಡಗಳು ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ತತ್ತ್ವಕ್ಕೆ ತಲುಪಿದವು: ನಕ್ಷೆಯಿಲ್ಲದೆ ಬರೀ ದೂರವನ್ನು ಹಂಚುವಾಗ ಸುದ್ದಿಗೆ ದಿಕ್ಕು ಇರಬೇಕು.

ತರಗತಿಗೆ ಒಯ್ಯುವ ಬಗೆ

ಪಿಯುಸಿ ಮಟ್ಟದಲ್ಲಿ ಎಲ್‌ಎಸ್‌ಎಯ ಬಗೆಗಳನ್ನು ಬಾಯಿಪಾಠ ಮಾಡಿಸುವ ಅಗತ್ಯವಿಲ್ಲ. ಒಂದು ಪಿರಿಯಡ್ಡಿನಲ್ಲಿ ಈ ಚೀಟಿ ಚಟುವಟಿಕೆ ಮಾಡಿಸಬಹುದು.

ಎಂಟು ವಿದ್ಯಾರ್ಥಿಗಳಿಗೆ ಎಂಟು ರೂಟರ್‌ಗಳ ಹೆಸರು ಕೊಡಿ. ನೆಲದ ಮೇಲೆ ಸೀಮೆಸುಣ್ಣದಿಂದ ನಾಲ್ಕು ಏರಿಯಾಗಳನ್ನು ಬರೆಯಿರಿ. ಗಡಿ ರೂಟರ್‌ಗಳಾದ ಮೂವರು ಗೆರೆಯ ಮೇಲೆ, ಎರಡೂ ಕಡೆ ಒಂದೊಂದು ಕಾಲಿಟ್ಟು ನಿಲ್ಲಲಿ. ಅವರ ಕೈಯಲ್ಲಿ ಎರಡೆರಡು ಪುಸ್ತಕವಿರಲಿ. ಪ್ರತಿಯೊಬ್ಬರೂ ತಮ್ಮ ಕೊಂಡಿಗಳನ್ನು ಮಾತ್ರ ಚೀಟಿಯಲ್ಲಿ ಬರೆದು ತಮ್ಮ ಏರಿಯಾದೊಳಗೆ ಹಂಚಲಿ. ಚೀಟಿ ಗೆರೆ ದಾಟಬಾರದು. ಎಲ್ಲರೂ ತಮ್ಮ ಏರಿಯಾದ ನಕ್ಷೆ ಬರೆದ ಮೇಲೆ ಗಡಿಯವರು ಹೊಸ ಚೀಟಿ ಬರೆದು ಆಚೆ ಕೊಡಲಿ: ಜಾಲ, ವೆಚ್ಚ, ತನ್ನ ಹೆಸರು, ಇಷ್ಟೇ. ಶಿರೂರಿನ ವಿದ್ಯಾರ್ಥಿ ತನ್ನ ಪಟ್ಟಿಯನ್ನು ಗಟ್ಟಿಯಾಗಿ ಓದಲಿ. ಆಮೇಲೆ ಗಿಳಿಯಾರು–ಪಡುಕೆರೆ ಕೊಂಡಿಯನ್ನು ಅಳಿಸಿ, ನಕ್ಷೆಯನ್ನು ತಿದ್ದಬೇಕಾದವರು ಕೈ ಎತ್ತಲಿ ಎನ್ನಿ. ನಾಲ್ಕು ಕೈಗಳು ಮೇಲೇಳಬೇಕು. ಉಳಿದ ನಾಲ್ವರು ಒಂದು ಅಂಕಿಯನ್ನಷ್ಟೇ ತಿದ್ದುತ್ತಾರೆ.

ಹೋಲಿಕೆ ಬೇಕಿದ್ದರೆ ಊರಿನದೇ ಸಾಕು. ಕೋಟದವರಿಗೆ ಪಡುಕೆರೆಯ ಓಣಿಗಳೂ ಗಿಳಿಯಾರಿನ ಗದ್ದೆ ಬದುಗಳೂ ಗೊತ್ತು. ಶಿರೂರಿನ ಒಂದು ಮನೆಗೆ ಹೋಗಬೇಕಾದರೆ ಮೂರುಕೈಯಲ್ಲಿ ಬಸ್ಸು ಹಿಡಿದು ಬೈಂದೂರಿನ ಕಡೆ ಹೋಗಿ, ಅಲ್ಲಿಂದ ಮುಂದೆ ಅಲ್ಲಿಯವರನ್ನು ಕೇಳುತ್ತಾರೆ. ಈ ಹೋಲಿಕೆ ಎಲ್ಲಿ ಕುಂಟುತ್ತದೆ ಎಂಬುದನ್ನೂ ಹೇಳಲೇಬೇಕು. ಪ್ರಯಾಣಿಕ ತಾನೇ ಕೇಳುತ್ತ ಹೋಗುತ್ತಾನೆ. ಸಂದೇಶ ಯಾರನ್ನೂ ಕೇಳುವುದಿಲ್ಲ, ದಾರಿಯ ಪ್ರತಿ ರೂಟರ್ ತನ್ನ ಪಟ್ಟಿ ನೋಡಿ ಅದನ್ನು ಮುಂದಕ್ಕೆ ತಳ್ಳುತ್ತದೆ. ಹೆದ್ದಾರಿ ಒಂದು ಗೆರೆ. ಬೆನ್ನೆಲುಬಿನ ಏರಿಯಾ ಯಾವ ಆಕಾರದಲ್ಲಿಯೂ ಇರಬಹುದು, ಒಡೆದಿರಬಾರದು ಅಷ್ಟೆ.

ಮೌಲ್ಯಮಾಪನಕ್ಕೆ ಮೂರು ಪ್ರಶ್ನೆಗಳು:

1. ಕೋಟೇಶ್ವರದಿಂದ ಪಡುಕೆರೆ ಶಾಲೆಯ ಜಾಲಕ್ಕೆ ವೆಚ್ಚ ಎಷ್ಟು? (4 + 10 + 8 = 22.)
2. ಕೋಟ 10.1.0.0/16 ಎಂದು ಒಂದೇ ಚೀಟಿಯನ್ನು ದೊಡ್ಡ ವೆಚ್ಚದಲ್ಲಿ ಸಾರಿದರೆ ಶಿರೂರಿನಲ್ಲಿ ಕಾಣುವ ವೆಚ್ಚ ಎಷ್ಟು? (6 + 30 + 12 = 48. ಗಿಳಿಯಾರು–ಪಡುಕೆರೆ ಕೊಂಡಿ ಕಡಿದರೂ 48.)
3. ಶಿರೂರಿಗೆ 10.1.2.0/24 ಗೊತ್ತಿದೆ. ಗಿಳಿಯಾರಿನ ರೂಟರ್ ಗೊತ್ತಿದೆಯೇ? (ಇಲ್ಲ. ಜಾಲದ ವಿಳಾಸ ಗಡಿ ದಾಟಿದೆ. ರೂಟರ್‌ನ ಪ್ರಕಟಣೆ ಏರಿಯಾ 1ರಲ್ಲೇ ನಿಂತಿದೆ.)

ಮೂರನೆಯದಕ್ಕೆ ಸರಿಯಾಗಿ ಉತ್ತರಿಸಿದವರಿಗೆ ಪಾಠ ಅರ್ಥವಾಗಿದೆ ಎಂದು ತಿಳಿಯಬಹುದು.

ವೀಕ್ಷಕರಿಗೆ ಒಂದು ಮಾತು. ಪಾಠ ನಿರರ್ಗಳವಾಗಿ ಸಾಗುವಾಗ “ವಿವರಣೆ ಸ್ಪಷ್ಟ” ಎಂದು ಬರೆಯುವುದು ಸುಲಭ. ವಿವರಣೆ ಸ್ಪಷ್ಟವಾಗಿದ್ದೂ ತಪ್ಪಾಗಿರಬಹುದು. “ಪ್ರತಿ”, “ಇಡೀ”, “ಎಲ್ಲ”, “ಯಾವಾಗಲೂ” ಎಂಬ ಪದಗಳು ಪಾಠಯೋಜನೆಯಲ್ಲಿ ಬಂದಾಗಲೆಲ್ಲ ಅವುಗಳ ಕೆಳಗೆ ಪೆನ್ಸಿಲ್ ಗೆರೆ ಎಳೆದು, “ಎಲ್ಲಿಯವರೆಗೆ?” ಎಂದು ಪ್ರಶಿಕ್ಷಣಾರ್ಥಿಯನ್ನು ಕೇಳುವ ಅಭ್ಯಾಸವನ್ನು ನಾನು ಈಗ ಬೆಳೆಸಿಕೊಳ್ಳುತ್ತಿದ್ದೇನೆ.

ಮುಂದಿನ ಪಿರಿಯಡ್ಡಿನಲ್ಲಿ ಆ ಪ್ರಶಿಕ್ಷಣಾರ್ಥಿ ಮೊದಲ ಐದು ನಿಮಿಷವನ್ನು ಅದಕ್ಕೇ ಮೀಸಲಿಟ್ಟರು. ಹಿಂದಿನ ದಿನದ ವಾಕ್ಯವನ್ನು ಹಲಗೆಯ ಮೇಲೆ ಮತ್ತೆ ಬರೆದು, “ನಿನ್ನೆ ನಾನು ಹೇಳಿದ್ದು ಪೂರ್ತಿ ಸರಿಯಲ್ಲ” ಎಂದರು. “ಇಡೀ ಜಾಲದ” ಎಂಬುದನ್ನು ಒರೆಸಿ “ತನ್ನ ಏರಿಯಾದ” ಎಂದು ತಿದ್ದಿದರು. ಕಿಟಕಿ ಬದಿಯ ಹುಡುಗ ತನ್ನ ಪುಸ್ತಕದಲ್ಲೂ ತಿದ್ದಿಕೊಂಡ. ನಾನು ವೀಕ್ಷಣಾ ಪುಸ್ತಕ ತೆರೆದು ಹಿಂದಿನ ದಿನದ ನನ್ನ ಷರಾವನ್ನು ಹೊಡೆದುಹಾಕಿದೆ.